ಮ್ಯಾಕ್ರೋ (ಸಣ್ಣ ಜೀವಿಗಳ ಭಾಳ ಹತ್ತಿರದ ಫೋಟೋ) ತೆಗೆಯೋರು ಸೆನ್ಸರ್ ಧೂಳಿನ ಕಡೆ ಲಕ್ಷ್ಯ ಕೊಡ್ರಿ

ವಿಜಯಪುರದ ಕಡೆ ಜೋಳದ ರಾಶಿ ನಡಿಯೋ ಹೊತ್ತಿನ್ಯಾಗ ಮಿಡತಿ, ಜೇಡ ತೆಗೀಲಿಕ್ಕೆ ಹೊಲಕ್ಕ ಹೋದ್ರ ಅಲ್ಲೇ ನಿಂತು ಲೆನ್ಸ್ ಬದಲಿಸಬ್ಯಾಡ್ರಿ. ಎರಿಮಣ್ಣಿನ ಧೂಳು ಭಾಳ ಸಣ್ಣದು, ಸೀದಾ ಒಳಗ ಹೋಗಿ, ಚಿತ್ರ ಹಿಡಿಯೋ ಸೆನ್ಸರ್ ಮ್ಯಾಲ ಕೂಡ್ತದ.

ಬ್ಯಾರೆ ಫೋಟೋದಾಗ ಕಾಣದ ಕಲೆ ಮ್ಯಾಕ್ರೋದಾಗ ಎದ್ದು ಕಾಣೋದಕ್ಕ ಕಾರಣ ಅದ. 1:1 ಅಳತೆಗೆ (ಹುಳ ಎಷ್ಟು ದೊಡ್ಡದದನೋ ಸೆನ್ಸರ್ ಮ್ಯಾಲೂ ಅಷ್ಟ ದೊಡ್ಡದು ಬೀಳೋ ಹಂಗ) ಹೋದಾಗ ಲೆನ್ಸಿನ ಕಿಂಡಿ ಎಫ್/16 ಇಟ್ರೂ ಅದು ಸುಮಾರು ಎಫ್/32ರಂಗ ಕೆಲಸ ಮಾಡ್ತದ. ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು, ಕಿಂಡಿ ಸಣ್ಣದಾದಷ್ಟೂ ಧೂಳಿನ ನೆರಳು ಗಟ್ಟಿ ಬೀಳ್ತದ. ಫೋಕಸ್ ಸ್ಟ್ಯಾಕಿಂಗ್ (ಫೋಕಸ್ ಸ್ವಲ್ಪ ಸ್ವಲ್ಪ ಸರಿಸಿ ತೆಗೆದ ಫೋಟೋಗಳನ್ನ ಒಂದಾಗಿ ಕೂಡಿಸೋದು) ಮಾಡಿದ್ರಂತೂ ಒಂದ ಕಣ ಇರುವೆ ಸಾಲಿನಂಗ ಗೆರೆ ಎಳೀತದ, ಅದನ್ನ ಅಳಸೋದು ಭಾಳ ತ್ರಾಸ.

ಹೊರಡೋ ಮುಂಚೆ ಎಫ್/22 ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗ್ವಾಡಿದು ಒಂದು ಫೋಟೋ ತೆಗೀರಿ. ಅದರಾಗ ಮ್ಯಾಲ ಎಡಕ್ಕಿದ್ದ ಕಲೆ, ಎದುರಿನಿಂದ ನೋಡಿದ್ರ ಸೆನ್ಸರಿನ ಕೆಳಗ ಎಡಕ್ಕಿರ್ತದ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಸೆನ್ಸರ್ ತೆರೆದಿಡೋ ಕ್ಲೀನಿಂಗ್ ಮೋಡ್ ಹಾಕಿ, ಲೆನ್ಸ್ ತೆಗೆದ ಕ್ಯಾಮೆರಾ ಬಾಯಿ ಕೆಳಗ ಮಾಡಿ ರಬ್ಬರ್ ಬ್ಲೋವರ್‌ಲೆ ಊದ್ರಿ. ಬಾಯಿಲೆ ಮಾತ್ರ ಊದಬ್ಯಾಡ್ರಿ, ಉಗುಳಿನ ಹನಿ ಬಿದ್ರ ಧೂಳಿಗಿಂತ ಕೆಟ್ಟ. ಗಾಳಿ ಊದೋ ಗ್ಯಾಸ್ ಡಬ್ಬಿ, ಹತ್ತಿನೂ ಬ್ಯಾಡ. ಇಷ್ಟಕ್ಕೂ ಹೋಗಲಿಲ್ಲಂದ್ರ ನಿಮ್ಮ ಸೆನ್ಸರ್ ಅಳತೆಯ ಸ್ವ್ಯಾಬ್ (ಸೆನ್ಸರ್ ಒರೆಸೋ ಕಡ್ಡಿ) ತಗೊಳ್ರಿ, ಒಂದ ಸಲ ಎಳೆದು ಬಿಟ್ಟುಬಿಡ್ರಿ, ಅದನ್ನ ಮತ್ತ ಬಳಸಬ್ಯಾಡ್ರಿ.