ಎಚ್‌ಒಎ ಒಪ್ಪಿಗೆ ಪಡೆದು ಲಾನ್ ತೆಗೆದದ್ದು: ನನ್ನ ಅನುಭವ

ಸ್ಯಾನ್ ಹೊಸೆ ಕಡೆ ಎಚ್‌ಒಎ (ಮನೆಮಾಲೀಕರ ಸಂಘ) ಇರುವ ಬಡಾವಣೆಯಲ್ಲಿ ಮನೆಮುಂದಿನ ಲಾನ್ ತೆಗೆದು ಕ್ಯಾಲಿಫೋರ್ನಿಯಾದ ಸ್ಥಳೀಯ ಗಿಡ ಹಾಕುವುದಾದರೆ ಅರ್ಜಿ ಬೇಸಿಗೆಯಲ್ಲೇ ಹೋಗಬೇಕು. ನೆಡುವ ಕಾಲ ಅಕ್ಟೋಬರ್ ಕೊನೆಯಿಂದ ಜನವರಿ. ಆಗ ಬೇರಿಳಿಸುವ ಕೆಲಸವನ್ನು ಮಳೆಯೇ ನೋಡಿಕೊಳ್ಳುತ್ತದೆ. ಇಂಥ ಬದಲಾವಣೆಗೆ ಒಪ್ಪಿಗೆ ಕೊಡುವ ನಮ್ಮ ಸಂಘದ ಆರ್ಕಿಟೆಕ್ಚರಲ್ ಕಮಿಟಿ ಸೇರುವುದು ತಿಂಗಳಿಗೊಮ್ಮೆ, ಅರ್ಜಿ ಒಂದು ಸಲ ವಾಪಸ್ ಬಂತೆಂದರೆ ತಿಂಗಳು ಹೋಯಿತು. ನಾನು ಜುಲೈನಲ್ಲೇ ಕೊಟ್ಟೆ.

ಕಮಿಟಿಯನ್ನು ಒಪ್ಪಿಸಿದ್ದು ನಕ್ಷೆ. ಲಾನ್ 20 ಅಡಿಗೆ 30 ಅಡಿ. ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ 5ಕ್ಕೆ 7.5 ಇಂಚು, ಒಂದೇ ಹಾಳೆಯಲ್ಲಿ ಕೂರುತ್ತದೆ. ಗಿಡಕ್ಕೊಂದು ಚುಕ್ಕಿ ಇಟ್ಟು ಬಿಡಬೇಡಿ. ಪೂರ್ತಿ ಬೆಳೆದಾಗಿನ ಅಗಲಕ್ಕೆ ಸರಿಯಾಗಿ ವೃತ್ತ ಎಳೆಯಿರಿ. ನನ್ನ ನಕ್ಷೆಯಲ್ಲಿ 8 ಅಡಿ ಹರಡುವ ಯಾಂಕೀ ಪಾಯಿಂಟ್ ಸಿಯನೋಥಸ್ ಪೊದೆ ಎರಡು, 5 ಅಡಿಯ ಕ್ಲೀವ್‌ಲ್ಯಾಂಡ್ ಸೇಜ್ ನಾಲ್ಕು, 4 ಅಡಿಯ ಡಿಯರ್ ಗ್ರಾಸ್ ಆರು, 3 ಅಡಿಯ ಕ್ಯಾಲಿಫೋರ್ನಿಯಾ ಫ್ಯೂಷಿಯಾ ಎಂಟು. ವೃತ್ತಗಳನ್ನೆಲ್ಲ ಕೂಡಿದರೆ ಸುಮಾರು 310 ಚದರ ಅಡಿ, ಜಾಗದ ಅರ್ಧಕ್ಕೆ ತುಸು ಮೇಲೆ. ಒಂದು ಗ್ಯಾಲನ್ ಕುಂಡದ ಇಪ್ಪತ್ತು ಗಿಡ ನೆಟ್ಟ ದಿನ ಅಂಗಳ ಬೋಳಾಗಿಯೇ ಕಾಣುತ್ತದೆ. ಅದಕ್ಕೇ ಮೊದಲ ವರ್ಷ ಹೇಗಿರುತ್ತದೆ, ಮೂರನೇ ವರ್ಷ ಹೇಗಿರುತ್ತದೆ ಎಂದು ಎರಡು ಹಾಳೆ ಕೊಡಿ.

‘ಬರ ತಡೆಯುವ ತೋಟ’ ಎಂದರೆ ಕಮಿಟಿಯವರ ಕಣ್ಣಿಗೆ ಬರುವುದು ಜಲ್ಲಿಕಲ್ಲು, ಕಳ್ಳಿ. ನಾನು ‘ಕಡಿಮೆ ನೀರಿನ ಹೂತೋಟ’ ಎಂದೇ ಬರೆದೆ. ಅವರ ನಿಜವಾದ ಭಯ ಒಣಗಿದ ಗಿಡದ್ದು, ಅದು ಸುಳ್ಳೂ ಅಲ್ಲ. ಫ್ಯೂಷಿಯಾ ಆಗಸ್ಟ್‌ನಿಂದ ಕೆಂಪಗೆ ಹೂಬಿಡುತ್ತದೆ, ಚಳಿಗಾಲದಲ್ಲಿ ಅದನ್ನು ನೆಲಮಟ್ಟಕ್ಕೆ ಕತ್ತರಿಸುತ್ತೇವೆ. ಆಗ ನೋಡಿದವರು ಸತ್ತಿದೆ ಅಂದುಕೊಂಡು ನೋಟಿಸ್ ಕಳಿಸುತ್ತಾರೆ. ಯಾವ ತಿಂಗಳು ಯಾವುದನ್ನು ಕತ್ತರಿಸುತ್ತೇನೆ ಎಂಬ ಪಟ್ಟಿ ಅರ್ಜಿಯಲ್ಲೇ ಇದ್ದರೆ ಉತ್ತರ ಸುಲಭ. ರಸ್ತೆ ಕಡೆಗೆ ವರ್ಷವಿಡೀ ಹಸಿರಾಗಿರುವ ಸಿಯನೋಥಸ್ ಇಡಿ.

ಕಾನೂನು ನಮ್ಮ ಕಡೆಯೇ ಇದೆ. ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್ 4735ರ ಪ್ರಕಾರ ಕಡಿಮೆ ನೀರಿನ ಗಿಡಗಳನ್ನು ಒಟ್ಟಾರೆ ನಿಷೇಧಿಸುವ ನಿಯಮ ಊರ್ಜಿತವಲ್ಲ. ಆದರೆ ಎತ್ತರ, ಅಂಚು, ವಿನ್ಯಾಸದ ಬಗ್ಗೆ ಅವರು ನಿಯಮ ಮಾಡಬಹುದು. ತಿರಸ್ಕರಿಸಿದರೆ 4765ರಂತೆ ಕಾರಣವನ್ನೂ ಮರುಪರಿಶೀಲನೆಯ ದಾರಿಯನ್ನೂ ಬರಹದಲ್ಲಿ ಕೊಡಬೇಕು. ಮೊದಲ ಪತ್ರದಲ್ಲೇ ಸೆಕ್ಷನ್ ಹಿಡಿದು ಝಳಪಿಸುವುದು ನನಗೆ ಸರಿ ಕಾಣಲಿಲ್ಲ. ಎರಡನೆಯದಕ್ಕೆ ಇಟ್ಟುಕೊಂಡಿದ್ದೆ, ಬೇಕಾಗಲಿಲ್ಲ.

ಒಪ್ಪಿಗೆ ಕೈಗೆ ಬಂದ ತಕ್ಷಣ ಗುದ್ದಲಿ ಹಿಡಿಯಬೇಡಿ. ಲಾನ್ ತೆಗೆದವರಿಗೆ ಇಲ್ಲಿನ ನೀರು ಸಂಸ್ಥೆ ವ್ಯಾಲಿ ವಾಟರ್ ಕೊಡುವ ರಿಬೇಟ್ ಹಣಕ್ಕೆ ಬೇರೆ ಅನುಮತಿ ಬೇಕು. ಅದಕ್ಕೆ ಮುಂಚೆ ಹುಲ್ಲು ತೆಗೆದರೆ ಹಣ ಹೋಯಿತು.

ಹುಲ್ಲು ಸಾಯಲೆಂದು ಲಾನ್ ಮೇಲೆ ರಟ್ಟು ಹಾಸುವಾಗ ಒಂದರ ಅಂಚು ಇನ್ನೊಂದರ ಮೇಲೆ ಆರು ಇಂಚು ಬರಲಿ. ಅದರ ಮೇಲೆ 3 ಇಂಚು ಮಲ್ಚ್ (ನೆಲ ಮುಚ್ಚುವ ಮರದ ಚೂರು) ಹಾಕಲು ಐದೂವರೆ ಕ್ಯೂಬಿಕ್ ಯಾರ್ಡ್ ಬೇಕು, ಆರು ತರಿಸಿ. ಕಾಲುದಾರಿಯ ಅಂಚಿನಲ್ಲಿ ಒಂದಡಿ ಅಗಲ, ನಾಲ್ಕು ಇಂಚು ಆಳ ಮಣ್ಣು ತೆಗೆಯದಿದ್ದರೆ ಮಲ್ಚ್ ದಾರಿಗೆ ಜಾರುತ್ತದೆ, ದೂರು ಬರುವುದು ಅದಕ್ಕೇ. ಬರ್ಮುಡಾ ಹುಲ್ಲು ರಟ್ಟನ್ನೂ ತೂರಿ ಬರುತ್ತದೆ. ಅದನ್ನು ಬೇರುಸಮೇತ ಮೊದಲೇ ತೆಗೆಯಬೇಕು. ಡ್ರಿಪ್ ತೂತು ಕಾಂಡದ ಬುಡಕ್ಕೆ ಬೇಡ, ಒಂದಡಿ ದೂರ ಇರಲಿ. ಬಿಸಿಲುಗಾಲದಲ್ಲಿ ಬುಡ ಸದಾ ಒದ್ದೆಯಿದ್ದರೆ ಸಿಯನೋಥಸ್ ಬೇರು ಕೊಳೆತು ಸಾಯುತ್ತದೆ.