ನನಗೆ ಗುರು ಯಾಕೆ ಬೇಕಾಯಿತು

ನಾನು ಸಾಧನೆ ಅಂತ ಶುರು ಮಾಡಿದ್ದು ಅಪ್ಪ ತೀರಿಕೊಂಡ ವರ್ಷ. ಆಗ ನನಗೆ 41. ಮೈಸೂರಿನಲ್ಲಿ ಮನೆ, ಕೆಲಸ, ಇಬ್ಬರು ಮಕ್ಕಳು. ಗುರುವನ್ನು ಹುಡುಕಬೇಕು ಅಂತ ಅನ್ನಿಸಲೇ ಇಲ್ಲ. "ಹೆಂಗಸರಿಗೆ ಗಂಡನೇ ಗುರು, ಬೇರೆ ಯಾಕೆ?" ಅಂತ ಮನೆಯ ಹಿರಿಯರು ಹೇಳುತ್ತಿದ್ದರು. ನಮ್ಮ ಯಜಮಾನರು ಒಳ್ಳೆಯವರು, ಆದರೆ ಅವರಿಗೆ ಈ ದಾರಿಯಲ್ಲಿ ಆಸಕ್ತಿ ಇರಲಿಲ್ಲ. ಪುಸ್ತಕಗಳಿವೆ, ಮೊಬೈಲಿನಲ್ಲಿ ಪ್ರವಚನಗಳಿವೆ, ಸಾಲದಾ ಅಂದುಕೊಂಡೆ.

ಮೊದಲು ಹಿಡಿದದ್ದು ಪ್ರಾಣಾಯಾಮ. ಪೂರಕ, ಕುಂಭಕ, ರೇಚಕ 1:4:2ರ ಲೆಕ್ಕದಲ್ಲಿರಬೇಕು ಅಂತ ಓದಿದ್ದೆ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದು, ಹದಿನಾರು ಹಿಡಿದು, ಎಂಟರಲ್ಲಿ ಬಿಡುವುದು. ಅದು ಸಲೀಸಾಯಿತು. ಆಸೆ ಜಾಸ್ತಿಯಾಯಿತು. ಮೂರೇ ತಿಂಗಳಲ್ಲಿ 8, 32, 16ಕ್ಕೆ ಬಂದೆ. ಎದೆ ಡವಡವ, ರಾತ್ರಿ ನಿದ್ದೆ ಇಲ್ಲ, ಮಕ್ಕಳ ಮೇಲೆ ಸಿಡಿಮಿಡಿ. ಒಳಗೆ ಏನೋ ಶಕ್ತಿ ಏಳುತ್ತಿದೆ ಅಂತಲೇ ನಂಬಿದ್ದೆ. ಕೊನೆಗೆ ಡಾಕ್ಟರು ಬಿಪಿ ನೋಡಿ, "ಮೊದಲು ಈ ಉಸಿರು ಹಿಡಿಯೋದನ್ನು ನಿಲ್ಲಿಸಿ" ಅಂದರು.

ಹಠಯೋಗ ಪ್ರದೀಪಿಕೆ ಅನ್ನುವ ಯೋಗದ ಹಳೆಯ ಗ್ರಂಥದಲ್ಲೇ ಇದಕ್ಕೆ ಎಚ್ಚರಿಕೆ ಇದೆ. ಸಿಂಹ, ಆನೆ, ಹುಲಿಯನ್ನು ಪಳಗಿಸುವ ಹಾಗೆ ಉಸಿರನ್ನು ಮೆಲ್ಲಮೆಲ್ಲಗೆ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅಂತ. ಅದನ್ನು ನಾನು ಓದಿದ್ದೆ. ನನಗೇ ಹೇಳಿದ ಮಾತು ಅಂತ ಹೊಳೆದಿರಲಿಲ್ಲ. ಪುಸ್ತಕ ಎಷ್ಟೇ ಒಳ್ಳೆಯದಿರಲಿ, ಓದುವವರ ಮುಖ ಅದಕ್ಕೆ ಕಾಣುವುದಿಲ್ಲವಲ್ಲ.

ಹೆದರಿ ಒಂದು ದೀಕ್ಷಾ ಶಿಬಿರಕ್ಕೆ ಹೋದೆ. ದುಡ್ಡು ಕಟ್ಟಿಸಿಕೊಂಡು ಮಂತ್ರ ಕೊಟ್ಟರು. ಅದಕ್ಕೂ ಬೇಜಾರಿಲ್ಲ, ನಡೆಸುವುದಕ್ಕೆ ಖರ್ಚು ಇರುತ್ತದೆ. ಆದರೆ ನಾನು ಎದ್ದು ನಿಂತು ಒಂದು ಪ್ರಶ್ನೆ ಕೇಳಿದಾಗ, "ಶರಣಾದವರು ಪ್ರಶ್ನೆ ಕೇಳಬಾರದು" ಅಂದರು. ಗೀತೆಯ ನಾಲ್ಕನೇ ಅಧ್ಯಾಯದಲ್ಲಿ ಕೃಷ್ಣ ಜ್ಞಾನಿಗಳ ಬಳಿ ಕಲಿಯುವ ಬಗೆಯನ್ನು ಹೇಳುವಾಗ ನಮಸ್ಕಾರ, ಸೇವೆಯ ಜೊತೆಗೆ ಪರಿಪ್ರಶ್ನೆಯನ್ನೂ ಇಟ್ಟಿದ್ದಾನೆ. ಮತ್ತೆ ಮತ್ತೆ, ಸುತ್ತಿ ಬಳಸಿ ಕೇಳು ಅಂತ. ನಾನು ಆ ಕಡೆ ಮತ್ತೆ ಹೋಗಲಿಲ್ಲ.

ಆಮೇಲೆ ಸಿಕ್ಕವರು ನಮ್ಮ ಹಿಂದಿನ ಬೀದಿಯಲ್ಲೇ ಇದ್ದ ಒಬ್ಬ ರಿಟೈರ್ಡ್ ಸಂಸ್ಕೃತ ಟೀಚರ್. ಭಾನುವಾರ ಸಂಜೆ ಜಗುಲಿಯಲ್ಲಿ ನಾಲ್ಕೈದು ಜನಕ್ಕೆ ಉಪನಿಷತ್ತು ಹೇಳಿಕೊಡುತ್ತಿದ್ದರು. ಅವರದ್ದು ಒಂದೇ ಷರತ್ತು: ಬರುವಾಗ ಒಂದು ಪ್ರಶ್ನೆ ಬರೆದುಕೊಂಡು ಬರಬೇಕು. ಅದಕ್ಕೇ ಒಂದು ನೋಟ್‌ಬುಕ್ ಇಟ್ಟೆ.

ಒಂದು ದಿನ ಬೆಳಗ್ಗೆ ಜಪದಲ್ಲಿ ಕುಳಿತಾಗ ಕಣ್ಣೊಳಗೆ ಬೆಳಕು ತುಂಬಿಕೊಂಡ ಹಾಗಾಯಿತು. ಸಂಜೆವರೆಗೂ ತಡೆಯಲಾಗದೆ ಟೀಚರ್ ಮನೆಗೆ ಓಡಿದೆ. ಅವರೆಕಾಯಿಯ ಕಾಲ. ನೆನೆಸಿದ ಕಾಳನ್ನು ಹಿತುಕುತ್ತಾ ಕುಳಿತಿದ್ದರು. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪಾತ್ರೆಗೆ, ಸಿಪ್ಪೆ ಕೈಯಲ್ಲಿ. ನಾನೂ ಒಂದು ಹಿಡಿ ತೆಗೆದುಕೊಂಡು ಹಿತುಕುತ್ತಲೇ ಎಲ್ಲ ಹೇಳಿದೆ.

"ಆಮೇಲೆ?" ಅಂದರು.

"ಆಮೇಲೆ ಹೋಯಿತು, ಟೀಚರ್."

"ಬಂದದ್ದನ್ನೂ ನೋಡಿದೆ, ಹೋದದ್ದನ್ನೂ ನೋಡಿದೆ. ಹಾಗೆ ನೋಡಿದವಳು ಬಂದಳಾ, ಹೋದಳಾ?"

ನನ್ನ ಕೈ ನಿಂತಿತು. ಅವರು ಮಾತ್ರ ಹಿತುಕುತ್ತಲೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ, "ಬೆಳಕಿನ ಹಿಂದೆ ಬೀಳಬೇಡ ಕಣೇ, ಅದು ಸಿಪ್ಪೆ" ಅಂದರು. ನೋಡುವವನು ಬೇರೆ, ನೋಡಿದ್ದು ಬೇರೆ ಅನ್ನುವುದನ್ನು ನಾನು ಹತ್ತು ಕಡೆ ಓದಿದ್ದೆ. ಆದರೆ ಆ ಹೊತ್ತಿಗೆ, ಆ ಹಮ್ಮಿನ ಮೇಲೆ, ಅದನ್ನು ಇಡುವುದಕ್ಕೆ ಎದುರಿಗೆ ಒಬ್ಬರು ಬೇಕಾಯಿತು.

ಅವರು ಹೇಳಿಕೊಟ್ಟದ್ದರಲ್ಲಿ ನನಗೆ ಬಹಳ ಇಷ್ಟವಾದದ್ದು ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಜಾಬಾಲನ ಕಥೆ. ಗುರು ಗೌತಮರು ಅವನಿಗೆ ಬಡಕಲಾದ 400 ಹಸುಗಳನ್ನು ಕೊಟ್ಟರು. ಇವು ಸಾವಿರವಾಗದೆ ಹಿಂತಿರುಗುವುದಿಲ್ಲ ಅಂತ ಅವನು ಹೊರಟ. ವರ್ಷಗಳೇ ಕಳೆದವು. ಸಾವಿರವಾದಾಗ ಮೊದಲು ಹೋರಿ, ಆಮೇಲೆ ವಾಪಸ್ ಬರುವ ದಾರಿಯಲ್ಲಿ ಅಗ್ನಿ, ಹಂಸ, ಮದ್ಗು ಅನ್ನುವ ನೀರುಹಕ್ಕಿ, ಒಂದೊಂದೂ ಬ್ರಹ್ಮದ ಒಂದೊಂದು ಪಾದವನ್ನು, ಅಂದರೆ ಕಾಲು ಭಾಗವನ್ನು, ತಿಳಿಸಿದವು. ಅಲ್ಲಿಗೆ ಮುಗಿಯಿತಲ್ವಾ? ಅವನ ಮುಖ ನೋಡಿಯೇ ಗುರುಗಳು, "ಬ್ರಹ್ಮವನ್ನು ತಿಳಿದವನ ಹಾಗೆ ಹೊಳೆಯುತ್ತಿದ್ದೀಯ, ಯಾರು ಹೇಳಿಕೊಟ್ಟರು?" ಅಂತ ಕೇಳುತ್ತಾರೆ. "ಮನುಷ್ಯರಲ್ಲದವರು. ಆದರೂ ನೀವೇ ಹೇಳಬೇಕು, ಆಚಾರ್ಯರಿಂದ ಕಲಿತ ವಿದ್ಯೆಯೇ ಸರಿಯಾಗಿ ಗುರಿ ಮುಟ್ಟುತ್ತದೆ ಅಂತ ಕೇಳಿದ್ದೇನೆ" ಅನ್ನುತ್ತಾನೆ. ಗುರುಗಳು ಅದನ್ನೇ ಹೇಳುತ್ತಾರೆ, ಏನೂ ಬಿಟ್ಟುಹೋಗಲಿಲ್ಲ ಅನ್ನುತ್ತದೆ ಉಪನಿಷತ್ತು. ಅಂದರೆ ಹೊಸದಾಗಿ ಏನೂ ಸೇರಿಸಲಿಲ್ಲ. ತಿಳಿದದ್ದು ಸರಿ ಅಂತ ಗಟ್ಟಿ ಮಾಡಿದರು. ನನಗಾದದ್ದೂ ಇದೇ.

ರಮಣ ಮಹರ್ಷಿಗಳಿಗೆ ಯಾವ ಗುರು ಇದ್ದರು ಅಂತ ನನ್ನ ತಮ್ಮ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆಯೇ. 1896ರಲ್ಲಿ 16ರ ಹುಡುಗ ಮದುರೆಯ ಮನೆ ಬಿಟ್ಟು ತಿರುವಣ್ಣಾಮಲೈಗೆ ಬಂದವರು 1950ರಲ್ಲಿ ದೇಹ ಬಿಡುವವರೆಗೂ ಅಲ್ಲಿಂದ ಕದಲಲಿಲ್ಲ. ಅವರು ಗುರು ಅಂದದ್ದು ಅಲ್ಲಿನ ಅರುಣಾಚಲ ಬೆಟ್ಟವನ್ನೇ. ಗುರು ಮನುಷ್ಯರೂಪದಲ್ಲೇ ಇರಬೇಕಿಲ್ಲ ಅಂತಲೂ ಹೇಳಿದರು. ನಾನು ಅಲ್ಲಿಗೆ ಹೋಗಿದ್ದೇನೆ, 14 ಕಿಲೋಮೀಟರ್ ಗಿರಿಪ್ರದಕ್ಷಿಣೆ ಬರಿಗಾಲಲ್ಲಿ ಮಾಡಿದ್ದೇನೆ. ಬೆಟ್ಟ ಸುಮ್ನೆ ಕೂತಿತ್ತು. ಆ ಮೌನ ಕೇಳಿಸುವಷ್ಟು ಮಾಗಿದವರಿಗೆ ಬೆಟ್ಟವೇ ಸಾಕು. ನನಗೆ ಬೇಕಾದದ್ದು, ನಾನು ನನಗೇ ಹೇಳಿಕೊಳ್ಳುವ ಸುಳ್ಳನ್ನು ಹಿಡಿದು ತೋರಿಸುವವರು.

ಟೀಚರನ್ನು ನಾನು ಒಂದು ಸಲ "ಗುರುಗಳೇ" ಅಂದದ್ದಕ್ಕೆ, "ಹಾಗನ್ನಬೇಡ, ನಾನೂ ಓದುತ್ತಿರುವವಳೇ" ಅಂದಿದ್ದರು. ಹೋದ ವರ್ಷ ತೀರಿಕೊಂಡರು. ಬೇರೆ ಯಾರನ್ನೂ ಹುಡುಕಿಲ್ಲ. ಬೆಳಗ್ಗೆ ಐದಕ್ಕೆ ಕೂರುತ್ತೇನೆ. ಕುಂಭಕ ಮಾಡುವುದಿಲ್ಲ. ಉಸಿರು ಹೇಗೆ ಬರುತ್ತದೋ ಹಾಗೆ ಬರಲಿ ಅಂತ ಬಿಟ್ಟು ಜಪ ಮಾಡುತ್ತೇನೆ.

ನೋಟ್‌ಬುಕ್ಕಿನಲ್ಲಿ ಅವರನ್ನು ಕೇಳದೆ ಉಳಿದ ಪ್ರಶ್ನೆಗಳು ಮೂರಿದ್ದವು. ಕೂತು ಕೂತು ಎರಡು ತಾವಾಗಿಯೇ ಕರಗಿವೆ. ಇನ್ನೊಂದು ಹಾಗೇ ಇದೆ. ಅದನ್ನು ಯಾರನ್ನಾದರೂ ಕೇಳಬೇಕು.