ವಕೀಲರನ್ನು ಹುಡುಕುವ ಮುಂಚೆ ಕೆಲಸ ಬರೆದಿಡಿ

ಗದಗದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಇಪ್ಪತ್ತೆರಡು ವರ್ಷ ಕಾರ್ಯದರ್ಶಿಯಾಗಿದ್ದೆ. ನಿವೃತ್ತಿಯಾದ ಮೇಲೂ ಹುಬ್ಬಳ್ಳಿ, ಹಾವೇರಿ ಕಡೆಯ ಸೊಸೈಟಿಯವರು, ಎಪಿಎಂಸಿಯ ದಲಾಲಿ ಅಂಗಡಿಯವರು ವಕೀಲರನ್ನು ಗೊತ್ತು ಮಾಡಿಕೊಳ್ಳುವಾಗ "ಒಂದಿಷ್ಟು ಬಂದು ಕೂಡ್ರಿ" ಅಂತ ಕರೆಯುತ್ತಾರೆ. ಹೋಗಿ ಕೂತಾಗಲೆಲ್ಲ ಒಂದೇ ತಪ್ಪು ಕಾಣುತ್ತದೆ. ಎದುರಿಗೆ ಕೂತ ವಕೀಲರು "ಕೆಲಸ ಏನೇನು?" ಅಂತ ಕೇಳುತ್ತಾರೆ. ಈ ಕಡೆಯವರು "ಅದೇ ರೀ, ಕೋರ್ಟಿನ ಕೆಲಸ ಎಲ್ಲಾ ನೋಡ್ಕೊಳ್ಳೋದು" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಆರು ತಿಂಗಳಾಗುವಷ್ಟರಲ್ಲಿ ಮನಸ್ತಾಪ ಶುರು. ಅಡಮಾನದ ಕಾಗದ ನೋಡುವುದೂ ಅದರಲ್ಲೇ ಬಂತು ಅಂತ ಸಂಘದವರು ತಿಳಿದಿರುತ್ತಾರೆ. ಅದಕ್ಕೆ ಬೇರೆ ಫೀ ಅಂತ ವಕೀಲರು ತಿಳಿದಿರುತ್ತಾರೆ. ಇಬ್ಬರದೂ ತಪ್ಪಲ್ಲ. ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ.

ಮೊದಲು: ನಿಮಗೆ ಬೇಕಾದವರು ನೌಕರರೋ, ವಕೀಲರೋ?

ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಬೇರೆ, ಬ್ಯಾರಿಸ್ಟರ್ ಬೇರೆ. ಕಕ್ಷಿದಾರರ ಜೊತೆ ಕೂತು ಕಾಗದಪತ್ರ ಮಾಡುವುದು ಹೆಚ್ಚಾಗಿ ಸಾಲಿಸಿಟರ್ ಕೆಲಸ, ದೊಡ್ಡ ಕೋರ್ಟಿನಲ್ಲಿ ನಿಂತು ವಾದಿಸುವುದು ಬ್ಯಾರಿಸ್ಟರ್ ಕೆಲಸ. ನಮ್ಮಲ್ಲಿ 1961ರ ವಕೀಲರ ಕಾಯ್ದೆಯ ಪ್ರಕಾರ ಎಲ್ಲರೂ ವಕೀಲರೇ. ನೋಟಿಸ್ ಬರೆಯುವವರೂ ಅವರೇ, ವಾದ ಮಾಡುವವರೂ ಅವರೇ. ಹಾಗಾಗಿ ಎರಡರಲ್ಲಿ ಯಾವುದು ಬೇಕು ಅಂತ ನೀವೇ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತೇ ಇಲ್ಲ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ, ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವಷ್ಟು ಕಾಲ ವಕೀಲರು ವಕೀಲಿ ವೃತ್ತಿ ಮಾಡುವಂತಿಲ್ಲ. ನೌಕರಿಗೆ ಸೇರಿದ್ದನ್ನು ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಬೇಕು. ಒಂದು ಸಂಘದಲ್ಲಿ ಹುಡುಗನೊಬ್ಬನನ್ನು 'ಲೀಗಲ್ ಆಫೀಸರ್' ಅಂತ ತಗೊಂಡರು. ಹಾಜರಿ ಪುಸ್ತಕದಲ್ಲಿ ಸಹಿ, ತಿಂಗಳಿಗೆ ಸಂಬಳ, ಪಿಎಫ್ ಎಲ್ಲ ಇತ್ತು. ಮೂರನೇ ದಿನವೇ ವಕಾಲತ್ತು, ಅಂದರೆ ನಮ್ಮ ಪರವಾಗಿ ಕೇಸ್ ನಡೆಸಿ ಅನ್ನುವ ಅಧಿಕಾರ ಪತ್ರ, ಕೊಟ್ಟು ಕೋರ್ಟಿಗೆ ಕಳಿಸಿದರು. ಎದುರಿನ ವಕೀಲರು ಅದನ್ನೇ ಹಿಡಿದು ತಕರಾರು ಎತ್ತಿದಾಗ ಆ ಹುಡುಗ ಸನ್ನದಿಗೇ (ವಕೀಲಿ ನೋಂದಣಿಗೇ) ಕುತ್ತು ಬರುತ್ತದೆ ಅಂತ ಹೆದರಿ ಕೆಲಸ ಬಿಟ್ಟ. ತಪ್ಪು ನೇಮಿಸಿಕೊಂಡವರದು, ಪೆಟ್ಟು ತಿಂದದ್ದು ಅವನು.

ದಿನಾ ಹತ್ತು ಕರಾರು ಬರೆಯುವ ಕಂಪನಿಯಾದರೆ ಪೂರ್ಣಾವಧಿ ನೌಕರರು ಸರಿ. ಕೋರ್ಟಿಗೆ ಬೇರೆ ವಕೀಲರನ್ನು ಇಟ್ಟುಕೊಳ್ಳಲಿ. ಸೊಸೈಟಿ, ಅಂಗಡಿ, ಶಿಕ್ಷಣ ಸಂಸ್ಥೆ ಆದರೆ ಸ್ವಂತ ಕಚೇರಿ ಇರುವ ವಕೀಲರನ್ನು ತಿಂಗಳ ಗೌರವಧನದ ಮೇಲೆ ಗೊತ್ತು ಮಾಡಿಕೊಳ್ಳಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಎರಡನೆಯದು: ಕೆಲಸದ ವಿವರ ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಇಲ್ಲಿ ಎರಡು ದಿನ ಹೋದರೂ ಹೋಗಲಿ.

ಕಂಪ್ಯೂಟರ್ ಮುಂದೆ ಕೂಡಬೇಡಿ. ಕಪಾಟಿನ ಫೈಲುಗಳನ್ನೆಲ್ಲ ಇಳಿಸಿ ಜಮಖಾನೆ ಮೇಲೆ ಹರವಿ. ಆಮೇಲೆ ಗುಂಪು ಮಾಡುತ್ತಾ ಹೋಗಿ. ಚೆಕ್ ಬೌನ್ಸ್ ಒಂದು ಕಡೆ. ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಕೆಳಗೆ ಸಹಕಾರ ಇಲಾಖೆ ಮುಂದಿರುವ ವಸೂಲಿ ದಾವೆಗಳು, ಅವುಗಳ ಅಮಲ್ಜಾರಿ (ತೀರ್ಪು ಜಾರಿ ಮಾಡಿಸುವುದು) ಇನ್ನೊಂದು ಕಡೆ. ಸಾಲ ಕೊಡುವ ಮುಂಚೆ ನೋಡಬೇಕಾದ ಉತಾರ (ಪಹಣಿ), ಸಿಟಿ ಸರ್ವೇ ಕಾಗದ, ಇಸಿ (ಆಸ್ತಿಯ ಋಣಭಾರ ಪತ್ರ) ಮತ್ತೊಂದು ಕಡೆ. ನಿಮ್ಮ ಮೇಲೆಯೇ ಬೇರೆಯವರು ಹಾಕಿದ ಕೇಸುಗಳಿದ್ದರೆ ಅವು ಬೇರೆ. ಪ್ರತಿ ಫೈಲಿನ ಮೇಲೆ ಒಂದು ಚೀಟಿ ಅಂಟಿಸಿ: ಯಾವ ಕೋರ್ಟು, ಮುಂದಿನ ತಾರೀಖು ಯಾವುದು, ಹಿಂದಿನ ವಕೀಲರು ಯಾರು, ಅವರಿಗೆ ಕೊಡುವ ಬಾಕಿ ಇದೆಯೋ ಇಲ್ಲವೋ.

ಹೀಗೆ ಹರವಿದಾಗಲೇ ಅಡಗಿದ್ದು ಹೊರಗೆ ಬರುವುದು. ಹಾವೇರಿ ಕಡೆ ಒಬ್ಬ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿಯ ಅಂಗಡಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೆವು. ಹಳೇ ಲೆಕ್ಕದ ವಹಿಯೊಳಗೆ ಒಂದು ಪ್ರಾಮಿಸರಿ ನೋಟು ಸಿಕ್ಕಿತು. ರೆವಿನ್ಯೂ ಸ್ಟಾಂಪಿನ ಮೇಲೆ ಅಡ್ಡ ಸಹಿ, ಮೂಲೆಯಲ್ಲಿ ಖಾರದಪುಡಿಯ ಕೆಂಪು. ತಾರೀಖು ನೋಡಿದರೆ ಮೂರು ವರ್ಷ ತುಂಬಲು ಹನ್ನೊಂದೇ ದಿನ ಇತ್ತು. ಮೂರು ವರ್ಷ ದಾಟಿದ ನೋಟಿನ ಮೇಲೆ ದಾವೆ ಹೂಡಿದರೆ ಅವಧಿ ಮೀರಿದೆ ಅಂತ ಕೋರ್ಟು ತಳ್ಳಿಹಾಕುತ್ತದೆ. ನಡುವೆ ಸಾಲಗಾರ ಬಾಕಿ ಒಪ್ಪಿ ಬರೆದುಕೊಟ್ಟಿದ್ದರೆ ಮಾತು ಬೇರೆ. ಅವರು ಬರೆಸಿಕೊಂಡಿರಲಿಲ್ಲ. ವಕೀಲರನ್ನು ಹುಡುಕುವ ಕೆಲಸ ಅಲ್ಲಿಗೇ ನಿಲ್ಲಿಸಿ, ಗೊತ್ತಿದ್ದ ಒಬ್ಬರ ಕೈಲಿ ಮೊದಲು ದಾವೆ ಹಾಕಿಸಿದೆವು.

ಈಗ ಬರೆಯಲು ಕೂಡಿ. ಅಂತರ್ಜಾಲದಲ್ಲಿ ಸಿಗುವ ಕೆಲಸದ ವಿವರ ಇಳಿಸಿಕೊಂಡು ಹೆಸರು ಬದಲಿಸಬೇಡಿ. ಅವು ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಬರೆದವು. ಶಿರಹಟ್ಟಿಯ ಸೊಸೈಟಿಗೆ ವಿದೇಶಿ ಒಪ್ಪಂದದ ಅನುಭವ ಯಾಕೆ ಬೇಕು? ಅದನ್ನು ಓದಿ ಒಳ್ಳೆಯ ಸ್ಥಳೀಯ ವಕೀಲರು 'ಇದು ನಮಗಲ್ಲ' ಅಂತ ಬಿಟ್ಟುಬಿಡುತ್ತಾರೆ.

ನಾನು ಬರೆಸುವುದು ಈ ಧಾಟಿಯಲ್ಲಿ: "ನಮ್ಮ ಮುಖ್ಯ ಕಚೇರಿ ಗದಗದಲ್ಲಿದೆ. ಮುಂಡರಗಿ, ರೋಣದಲ್ಲಿ ಶಾಖೆಗಳಿವೆ. ಈಗ 31 ಚೆಕ್ ಬೌನ್ಸ್ ಪ್ರಕರಣಗಳು ಗದಗ ಕೋರ್ಟಿನಲ್ಲಿವೆ. 70ನೇ ಕಲಮಿನ 14 ದಾವೆಗಳಿವೆ. ತಿಂಗಳಿಗೆ ಐದಾರು ಸಾಲದ ಅರ್ಜಿಗಳ ಆಸ್ತಿ ಕಾಗದ ನೋಡಿ, ಏಳು ದಿನದೊಳಗೆ ಬರಹದಲ್ಲಿ ಅಭಿಪ್ರಾಯ ಕೊಡಬೇಕು. ತಿಂಗಳಿಗೊಮ್ಮೆ ಆಡಳಿತ ಮಂಡಳಿ ಸಭೆಗೆ ಬರಬೇಕು. ಹಿಂದಿನ ವಕೀಲರಿಂದ ಒಂಬತ್ತು ಫೈಲು ಇನ್ನೂ ಬಂದಿಲ್ಲ. ಹೈಕೋರ್ಟ್ ಕೆಲಸ ಇದರಲ್ಲಿ ಸೇರಿಲ್ಲ." ಇಷ್ಟೇ. ಒಂದು ಪುಟ ದಾಟಬಾರದು.

ಆ ಒಂಬತ್ತು ಫೈಲಿನ ಸಾಲು ಯಾಕೆ ಅಂತ ನಿರ್ದೇಶಕರು ಕೇಳುತ್ತಾರೆ. "ನಮ್ಮ ಮರ್ಯಾದೆ ಪ್ರಶ್ನೆ ಅಲ್ವಾ?" ಅನ್ನುತ್ತಾರೆ. ಆ ಸಾಲು ಇರಲೇಬೇಕು. ಬರುವವರಿಗೆ ಭಾರ ಎಷ್ಟು ಅಂತ ಮೊದಲೇ ಗೊತ್ತಿದ್ದರೆ ಅದಕ್ಕೆ ತಕ್ಕ ಫೀ ಕೇಳುತ್ತಾರೆ, ಅಥವಾ ಆಗಲ್ಲ ಅಂತ ಅಲ್ಲೇ ಹೇಳುತ್ತಾರೆ. ಮುಚ್ಚಿಟ್ಟರೆ ಎರಡನೇ ತಿಂಗಳಿಗೆ ಬಿಟ್ಟು ಹೋಗುತ್ತಾರೆ.

ಹೈಕೋರ್ಟಿನ ಸಾಲೂ ಹಾಗೆಯೇ. ಮೊದಲು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು ಅಂದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ದೂರ ಕಡಿಮೆ ಆಯಿತು, ನಿಜ. ಆದರೆ ಗದಗದಲ್ಲಿ ದಿನಾ ಸಾಕ್ಷಿ ವಿಚಾರಣೆ ನಡೆಸುವವರು ಅದೇ ದಿನ ಧಾರವಾಡ ಪೀಠದಲ್ಲೂ ನಿಲ್ಲಲು ಆಗುವುದಿಲ್ಲ. ಅದಕ್ಕೆ ಬೇರೆಯವರನ್ನೇ ಇಟ್ಟುಕೊಳ್ಳಿ.

ಹುಡುಕುವುದು, ಪರಿಶೀಲಿಸುವುದು

ಇದು ಸುಲಭ. ಊರಿನ ವಕೀಲರ ಸಂಘದಲ್ಲಿ ತಿಳಿಸಿ, ಹಿರಿಯ ವಕೀಲರ ಹತ್ತಿರ ಏಳೆಂಟು ವರ್ಷ ಪಳಗಿದ ಜೂನಿಯರ್‌ಗಳನ್ನು ವಿಚಾರಿಸಿ. ಪೂರ್ಣಾವಧಿ ನೌಕರರು ಬೇಕಿದ್ದರೆ ಕಾನೂನು ಕಾಲೇಜುಗಳಲ್ಲಿ, ಹುಬ್ಬಳ್ಳಿ ನವನಗರದ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಕೇಳಿ ನೋಡಿ. ವಕೀಲರು ಜಾಹೀರಾತು ಕೊಡುವಂತಿಲ್ಲ ಅಂತ ನಿಯಮವೇ ಇದೆ. ಮೊಬೈಲಿನಲ್ಲಿ ವಿಡಿಯೊ ಹಾಕಿ 'ಕೇಸ್ ಗೆದ್ದು ಕೊಡುತ್ತೇವೆ' ಅನ್ನುವವರಿಂದ ದೂರ ಇರಿ. ಕೋರ್ಟಿನ ಗೇಟಿನಲ್ಲಿ ಕಮಿಷನ್‌ಗೆ ಕರೆದುಕೊಂಡು ಹೋಗುವವರ ಹಿಂದೆಯೂ ಹೋಗಬೇಡಿ.

ಸನ್ನದು ನೋಡಿ. ನೋಂದಣಿ ಸಂಖ್ಯೆಯ ಕೊನೆಯಲ್ಲಿ ವರ್ಷ ಇರುತ್ತದೆ. ಈಚಿನ ವರ್ಷಗಳಲ್ಲಿ ಪದವಿ ಮುಗಿಸಿದವರಾದರೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾದ ಪ್ರಮಾಣಪತ್ರ ಕೇಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ವಕೀಲರ ಹೆಸರು ಹಾಕಿದರೆ ಅವರ ಪ್ರಕರಣಗಳ ಪಟ್ಟಿ ಬರುತ್ತದೆ. ನಿಮ್ಮ ದೊಡ್ಡ ಬಾಕಿದಾರರ ಪರವಾಗಿ ಅವರೇ ನಿಂತಿದ್ದಾರೋ ಅಂತ ಅದರಲ್ಲಿ ಮೊದಲು ನೋಡಿ.

ಎದುರು ಕೂತು ಮಾತಾಡುವುದು

"ಎಷ್ಟು ಕೇಸ್ ಗೆದ್ದಿದ್ದೀರಿ?" ಅಂತ ಕೇಳಬೇಡಿ. ಅದರಿಂದ ಏನೂ ತಿಳಿಯುವುದಿಲ್ಲ. ಹೆಣ್ಣುಮಕ್ಕಳು ಬಂದರೆ ಮದುವೆ, ಮಕ್ಕಳ ವಿಷಯ ಎತ್ತಲೇಬೇಡಿ. ಬರೆದ ಒಂದು ಪುಟವನ್ನು ಕೈಗೆ ಕೊಡಿ, ಓದಲು ಹತ್ತು ನಿಮಿಷ ಬಿಡಿ. ಆಮೇಲೆ ಒಂದು ನಿಜವಾದ ಫೈಲಿನ ಝೆರಾಕ್ಸ್ ಕೊಡಿ. ಸಾಲಗಾರರ ಹೆಸರು, ವಿಳಾಸದ ಮೇಲೆ ಬಿಳಿ ಕಾಗದ ಅಂಟಿಸಿ ಝೆರಾಕ್ಸ್ ಮಾಡಿಸಿರಬೇಕು. ಅದು ಇನ್ನೊಬ್ಬರ ಗುಟ್ಟು.

ನಮ್ಮ ಸಂಘದಲ್ಲಿ ಒಮ್ಮೆ ಹೀಗೇ ಕೊಟ್ಟೆವು. ಚೆಕ್ಕಿನ ತಾರೀಖು ಜನವರಿ 2. ಚೆಕ್ ಬೌನ್ಸ್ ಆಗಿದೆ ಅನ್ನುವ ಬ್ಯಾಂಕಿನ ಮೆಮೊ (ಚೀಟಿ) ನಮ್ಮ ಕೈಗೆ ಬಂದದ್ದು ಜನವರಿ 10. ನಾವು ಕೂತಿದ್ದು ಫೆಬ್ರುವರಿ 20ಕ್ಕೆ. ಮೊದಲು ಬಂದ ಇಬ್ಬರು "ನೋಟಿಸ್ ಕೊಟ್ಟು ಕೇಸ್ ಹಾಕೋಣ" ಅಂದರು. ಮೂರನೆಯವರು ಇನ್ನೂ ಚಿಕ್ಕ ವಯಸ್ಸಿನ ವಕೀಲೆ. ಚೆಕ್ಕನ್ನು ಬದಿಗಿಟ್ಟು ಮೆಮೊ ಎತ್ತಿಕೊಂಡರು.

"ಇದು ನಿಮ್ಮ ಕೈಗೆ ಯಾವತ್ತ ಬಂತ್ರಿ ಸರ್? ಹತ್ತಕ್ಕs ಬಂತಾ?"

"ಹೌದು ಮೇಡಂ, ಹತ್ತಕ್ಕೆ."

ಬೆರಳಿನ ಗೆರೆ ಮೇಲೆ ಎಣಿಸಿದರು. "ನಲವತ್ತೊಂದು ದಿನ ಆತ್ರಿ. ಮೂವತ್ತು ದಿನದಾಗ ನೋಟಿಸ್ ಹೋಗಬೇಕಿತ್ತು, ಈ ಮೆಮೊ ಮ್ಯಾಲೆ ಕೇಸ್ ನಿಲ್ಲಂಗಿಲ್ಲ. ಆದ್ರ ಚೆಕ್ಕಿಗೆ ಮೂರು ತಿಂಗಳು ಆಗಿಲ್ಲ. ನಾಳೇನs ಮತ್ತೊಮ್ಮೆ ಬ್ಯಾಂಕಿಗೆ ಹಾಕ್ರಿ. ಮತ್ತ ಬೌನ್ಸ್ ಆದ್ರ ಆ ಮೆಮೊದಿಂದ ಹೊಸದಾಗಿ ಎಣಿಸೋಣು."

ಸರಿಯಾದ ಉತ್ತರ. ಚೆಕ್ಕನ್ನು ಆ ಮೂರು ತಿಂಗಳ ಅವಧಿಯೊಳಗೆ ಮತ್ತೆ ಬ್ಯಾಂಕಿಗೆ ಹಾಕಿ, ಎರಡನೇ ಬೌನ್ಸಿನ ಮೇಲೆ ಕೇಸ್ ಹಾಕಬಹುದು ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಮುಟ್ಟಿದ ಮೇಲೆ ಹಣ ಕೊಡಲು ಹದಿನೈದು ದಿನ, ಅದು ಕಳೆದ ಮೇಲೆ ದೂರು ಕೊಡಲು ಒಂದು ತಿಂಗಳು. ಈ ಎಣಿಕೆ ಬೆರಳ ತುದಿಯಲ್ಲಿ ಇರುವವರೇ ಸೊಸೈಟಿಗೆ ಬೇಕು. ಅವರನ್ನೇ ನೇಮಿಸಿಕೊಂಡೆವು. ಅವರಿಗೆ ಆಗ ಅನುಭವ ಬರೀ ಆರು ವರ್ಷ. ಹೆಚ್ಚು ಅನುಭವದವರೇ ಬೇಕು ಅಂತ ಹಟ ಹಿಡಿದಿದ್ದ ನಿರ್ದೇಶಕರೂ ಆವತ್ತು ಸುಮ್ಮನಾದರು.

ಇನ್ನೊಂದು ಪ್ರಶ್ನೆ ಮರೆಯಬೇಡಿ: "ಒಂದೇ ದಿನ ಎರಡು ಕೋರ್ಟಿನಲ್ಲಿ ತಾರೀಖು ಬಿದ್ದರೆ ಏನು ಮಾಡುತ್ತೀರಿ?" ಯಾವ ಜೂನಿಯರ್ ಹೋಗುತ್ತಾರೆ ಅಂತ ಸ್ಪಷ್ಟವಾಗಿ ಹೇಳುವವರು ಒಳ್ಳೆಯವರು. "ಅದೆಲ್ಲ ನೋಡ್ಕೋತೀನಿ ಬಿಡ್ರಿ" ಅಂದರೆ ಇನ್ನೊಬ್ಬರನ್ನು ಕರೆಯಿರಿ.

ಹಣದ ಮಾತು

ಸಂಕೋಚ ಬೇಡ, ಮೊದಲ ದಿನವೇ ಆಡಿ. ತಿಂಗಳ ಗೌರವಧನದಲ್ಲಿ ಏನೇನು ಸೇರಿದೆ, ಪ್ರತಿ ಪ್ರಕರಣಕ್ಕೆ ಬೇರೆ ಎಷ್ಟು, ಕೋರ್ಟ್ ಫೀ, ಟೈಪಿಂಗ್, ಓಡಾಟದ ಖರ್ಚು ಯಾರದು, ಎಲ್ಲ ಬರೆದುಕೊಳ್ಳಿ. ಪ್ರಕರಣದ ಫೀಯನ್ನು ಹಂತ ಹಂತವಾಗಿ ಕೊಡುವುದು ಒಳ್ಳೆಯದು: ದಾಖಲಿಸಿದಾಗ ಒಂದಿಷ್ಟು, ಸಾಕ್ಷಿ ಮುಗಿದಾಗ ಒಂದಿಷ್ಟು, ವಾದ ಮುಗಿದಾಗ ಉಳಿದದ್ದು. "ವಸೂಲಾದ ಹಣದಲ್ಲಿ ಶೇಕಡಾ ಇಷ್ಟು ಕೊಡ್ತೀವಿ" ಅಂತ ಮಾತ್ರ ಹೇಳಬೇಡಿ. ಫಲಿತಾಂಶದ ಮೇಲೆ ಪಾಲು ತೆಗೆದುಕೊಳ್ಳುವುದು ವಕೀಲರಿಗೆ ನಿಷಿದ್ಧ. ಒಪ್ಪಿಕೊಳ್ಳುವವರು ಸಿಕ್ಕರೆ ಅವರನ್ನು ಬಿಟ್ಟುಬಿಡಿ. ಜಿಎಸ್‌ಟಿ ಕೆಲವು ಸಲ ನಿಮ್ಮ ಮೇಲೆಯೇ ಬೀಳುತ್ತದೆ, ನಿಮ್ಮ ಸಿಎ ಅವರನ್ನು ಕೇಳಿಕೊಳ್ಳಿ.

ಪತ್ರ, ಠರಾವು, ಫೈಲು

ಆಡಳಿತ ಮಂಡಳಿಯ ಠರಾವು ಮಾಡಿ, ನೇಮಕದ ಪತ್ರ ಕೊಡಿ. ಕೋರ್ಟಿನ ಹತ್ತಿರದ ಅಂಗಡಿಗಳಲ್ಲಿ ಖಾಲಿ ಜಾಗ ಬಿಟ್ಟ ಒಪ್ಪಂದದ ಹಾಳೆ ಸಿಗುತ್ತದೆ. ಅದನ್ನು ತರಬೇಡಿ. ಮನೆ ಬಾಡಿಗೆ ಕರಾರಿನ ಮಾತುಗಳೇ ಅದರಲ್ಲಿ ಉಳಿದಿರುವುದನ್ನು ನಾನು ಕಂಡಿದ್ದೇನೆ. ನೀವು ಬರೆದ ಆ ಒಂದು ಪುಟವನ್ನೇ ಪತ್ರಕ್ಕೆ ಲಗತ್ತಿಸಿದರೆ ಸಾಕು.

ಈ ಬರಹ ಮುಂಚಿಗಿಂತ ಈಗ ಜಾಸ್ತಿ ಬೇಕು. ವಕೀಲರ ಸೇವೆ ಗ್ರಾಹಕ ಕಾಯ್ದೆಯಡಿ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸೇವೆ ಸರಿ ಇಲ್ಲ ಅಂತ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಈಗ ಇಲ್ಲ. ದುರ್ನಡತೆಯಾದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು.

ಖಾಲಿ ವಕಾಲತ್ತುಗಳ ಕಟ್ಟಿಗೆ ಸಹಿ ಹಾಕಿ ಕೊಡುವ ರೂಢಿ ನಮ್ಮ ಕಡೆ ಇದೆ. ಅಧ್ಯಕ್ಷರು ಊರಲ್ಲಿ ಇರುವುದಿಲ್ಲ, ಅವಸರಕ್ಕೆ ಇರಲಿ ಅನ್ನುತ್ತಾರೆ. ಬೇಡ. ಪ್ರಕರಣದ ಹೆಸರು ಬರೆದ ಮೇಲೆಯೇ ಸಹಿ ಆಗಲಿ.

ಫೈಲು ಕೊಡುವಾಗ ಎರಡು ಪ್ರತಿ ಪಟ್ಟಿ ಮಾಡಿ, ಒಂದರ ಮೇಲೆ ವಕೀಲರ ಸಹಿ ಪಡೆಯಿರಿ. ಮೂಲ ಚೆಕ್ಕು, ಮೂಲ ಅಡಮಾನ ಪತ್ರ ಸಂಘದ ತಿಜೋರಿಯಲ್ಲೇ ಇರಲಿ. ಕೋರ್ಟಿಗೆ ಹಾಜರುಪಡಿಸುವ ದಿನ ಸಿಬ್ಬಂದಿಯೇ ಒಯ್ದು ಕೊಡಲಿ. ಹಿಂದಿನ ವಕೀಲರು ಫೀ ಬಾಕಿ ಇದೆ ಅಂತ ಫೈಲು ಹಿಡಿದಿಟ್ಟಿದ್ದರೆ ಜಗಳಕ್ಕೆ ಹೋಗಬೇಡಿ. ಫೀಗಾಗಿ ಫೈಲು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ ಅಂತ 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ನ್ಯಾಯವಾದ ಬಾಕಿಯನ್ನು ನೀವೂ ಉಳಿಸಿಕೊಳ್ಳಬೇಡಿ. ಕೊಟ್ಟು, ರಸೀದಿ ಪಡೆದು, ಫೈಲು ತನ್ನಿ.

ನೇಮಕವಾದ ವಾರದಲ್ಲೇ ಹೊಸ ವಕೀಲರನ್ನು ಕಚೇರಿಗೆ ಕರೆದು, ವಸೂಲಿ ಗುಮಾಸ್ತರ ಪಕ್ಕ ಅರ್ಧ ದಿನ ಕೂಡಿಸಿ. ಬ್ಯಾಂಕಿನ ಮೆಮೊ ಬಂದ ದಿನವೇ ಫೋನ್ ಮಾಡಬೇಕಾದವರು ಆ ಗುಮಾಸ್ತರು.